ಪದ ಪರಿಚಯ: ಅಂತರರಾಷ್ಟ್ರೀಕರಣ

‘ನಮ್ಮ ಆನ್‌ಲೈನ್ ಕೋರ್ಸಿಗೆ ಹೊರದೇಶದವರೂ ಸೇರಿದ್ದಾರೆ, ವಿಶ್ವವಿದ್ಯಾಲಯ ಅಂತರರಾಷ್ಟ್ರೀಯಕರಣಗೊಂಡಿದೆ.’ ಅಡ್ಮಿಷನ್ ಕಾಲ ಬಂತೆಂದರೆ ಈ ಧಾಟಿಯ ಪ್ರಕಟಣೆಗಳ ಸುಗ್ಗಿ. ಇದರಲ್ಲಿ ತಪ್ಪು ಎರಡು, ಒಂದು ರೂಪದ್ದು, ಇನ್ನೊಂದು ಅರ್ಥದ್ದು. ಎರಡಕ್ಕೂ ಮೂಲ ಒಂದೇ ಪ್ರತ್ಯಯ.

ಮೊದಲು ‘ಅಂತರ’ವೋ ‘ಅಂತಾ’ವೋ ಎಂಬ ಹಳೇ ಜಗಳ ಮುಗಿಸಿಬಿಡೋಣ. ‘ಅಂತರ’ ಎಂಬ ನಾಮಪದ ಹಿಡಿದರೆ ಅಂತರರಾಷ್ಟ್ರೀಯ. ‘ಅಂತರ್’ ಎಂಬ ಅವ್ಯಯ ಹಿಡಿದರೆ, ಎರಡು ರೇಫ (ರಕಾರ) ಎದುರುಬದುರಾದಾಗ ಮೊದಲನೆಯದು ಲೋಪವಾಗಿ ಅದರ ಹಿಂದಿನ ಸ್ವರ ದೀರ್ಘವಾಗುವ ಸಂಸ್ಕೃತ ಸಂಧಿಯಂತೆ ಅಂತಾರಾಷ್ಟ್ರೀಯ. ಎರಡೂ ಸರಿ. ‘ಅಂತರ್ ಎಂದರೆ ಒಳಗೆ ಮಾತ್ರ’ ಎಂದು ವಾದಿಸುವವರು ಅಂತರ್ಜಲದಲ್ಲೇ ಮುಳುಗಿದ್ದಾರೆ. ಅದಕ್ಕೆ ‘ನಡುವೆ’ ಎಂಬ ಅರ್ಥವೂ ಇದೆ. ಅಂತರ್ಜಾತೀಯ ವಿವಾಹ ಜಾತಿಯೊಳಗಿನ ಮದುವೆಯಲ್ಲವಲ್ಲ!

ನಿಜವಾದ ವಿಷಯ ‘ಈಕರಣ’ದಲ್ಲಿದೆ. ಇದು ಸಂಸ್ಕೃತದ ‘ಚ್ವಿ’ ಪ್ರತ್ಯಯದ ಫಲ. ವೈಯಾಕರಣರು ಇದರ ಅರ್ಥವನ್ನು ‘ಅಭೂತತದ್ಭಾವ’ ಎನ್ನುತ್ತಾರೆ: ಮೊದಲು ಹಾಗಿರದಿದ್ದದ್ದು ಹಾಗಾಗುವುದು. ಪದದ ಕೊನೆಯ ಅಕಾರ ಈಕಾರವಾಗುತ್ತದೆ: ಶುದ್ಧ–ಶುದ್ಧೀಕರಣ, ರಾಷ್ಟ್ರ–ರಾಷ್ಟ್ರೀಕರಣ. ಆದ್ದರಿಂದ ಅಂತರರಾಷ್ಟ್ರೀಕರಣ ಸರಿ, ನಾಲಗೆ ತಡೆದುಕೊಂಡರೆ ಅಂತರರಾಷ್ಟ್ರೀಯೀಕರಣವೂ ಸರಿ. ‘ಅಂತರರಾಷ್ಟ್ರೀಯಕರಣ’ ಎರಡೂ ಅಲ್ಲ. ಅರ್ಥವೂ ಇಲ್ಲೇ ಇದೆ. 1969ರಲ್ಲಿ 14 ಬ್ಯಾಂಕುಗಳ ರಾಷ್ಟ್ರೀಕರಣವಾದಾಗ ಬದಲಾದದ್ದು ಬ್ಯಾಂಕುಗಳ ಒಡೆತನ. ಎಲ್ಲ ರಾಜ್ಯದವರು ಖಾತೆ ತೆರೆದರೆಂದು ಯಾರೂ ಆ ಪದ ಬಳಸಲಿಲ್ಲ. ಹಾಗೆಯೇ ಇಲ್ಲಿ ಬದಲಾಗಬೇಕಾದದ್ದು ವಿಶ್ವವಿದ್ಯಾಲಯ, ಲಾಗಿನ್ ಪಟ್ಟಿಯಲ್ಲ.

ಉನ್ನತ ಶಿಕ್ಷಣದ ಸಂಶೋಧಕಿ ಜೇನ್ ನೈಟ್ 2003ರಲ್ಲಿ ಕೊಟ್ಟ, ಈ ಕ್ಷೇತ್ರದಲ್ಲಿ ಎಲ್ಲರೂ ಎತ್ತಿಕೊಳ್ಳುವ ವ್ಯಾಖ್ಯೆಯೂ ಉನ್ನತ ಶಿಕ್ಷಣದ ಉದ್ದೇಶ, ಕಾರ್ಯ, ಬೋಧನೆಯ ಬಗೆ ಇವುಗಳೊಳಗೆ ಅಂತರರಾಷ್ಟ್ರೀಯ ಆಯಾಮ ಬೆರೆಯುವ ಪ್ರಕ್ರಿಯೆ ಎಂದೇ ಹೇಳುತ್ತದೆ. ಪಾಠ ಗಡಿ ದಾಟುವುದು ಬೇರೆ ಸಂಗತಿ. ವಿಶ್ವ ವ್ಯಾಪಾರ ಸಂಸ್ಥೆಯ ಸೇವಾ ಒಪ್ಪಂದ ಅದನ್ನು ಸೇವೆಗಳ ವ್ಯಾಪಾರದ ನಾಲ್ಕು ವಿಧಗಳಲ್ಲಿ ಮೊದಲನೆಯದಾಗಿ, ಅಂದರೆ ಗಡಿಯಾಚೆಗಿನ ಪೂರೈಕೆಯಾಗಿ ನೋಡುತ್ತದೆ. ಲಂಡನ್ ವಿಶ್ವವಿದ್ಯಾಲಯ 1858ರಿಂದಲೇ ಹೊರಗಿನ ಅಭ್ಯರ್ಥಿಗಳಿಗೆ ಪದವಿ ಕೊಡುತ್ತ ಬಂದಿದೆ. ಅಮೆರಿಕದ ಜಾರ್ಜಿಯಾ ಟೆಕ್ ವಿಶ್ವವಿದ್ಯಾಲಯ 2014ರಲ್ಲಿ ಆರಂಭಿಸಿದ ಆನ್‌ಲೈನ್ ಕಂಪ್ಯೂಟರ್ ಸೈನ್ಸ್ ಎಂ.ಎಸ್. ಕೂಡ ಈ ಜಾತಿಯದೇ. ಮನೆಯಲ್ಲೇ ಕೂತು ಅದೇ ಪದವಿ ಪಡೆಯಬಹುದು. ವಿದ್ಯಾರ್ಥಿ ವೀಸಾ ಮಾತ್ರ ಸಿಗದು. ಇವೆಲ್ಲ ಒಳ್ಳೆಯ ವ್ಯವಸ್ಥೆಗಳೇ, ಆದರೆ ಇವುಗಳ ಹೆಸರು ರಫ್ತು.

ಆನ್‌ಲೈನ್ ನಿಜಕ್ಕೂ ಹೊಸದಾಗಿ ಕೊಟ್ಟದ್ದು ಎರಡು ದೇಶಗಳ ತರಗತಿಗಳನ್ನು ಒಂದು ಮಾಡುವ ದಾರಿ. ನ್ಯೂಯಾರ್ಕ್ ರಾಜ್ಯ ವಿಶ್ವವಿದ್ಯಾಲಯ ವ್ಯವಸ್ಥೆ 2006ರಲ್ಲಿ ಇದಕ್ಕೆಂದೇ ಕೇಂದ್ರ ತೆರೆಯಿತು. ‘ಕಾಯಿಲ್’ (COIL, ಅಂದರೆ ಸಹಯೋಗದ ಆನ್‌ಲೈನ್ ಅಂತರರಾಷ್ಟ್ರೀಯ ಕಲಿಕೆ) ಎಂಬ ಹೆಸರು ಅಲ್ಲಿಂದ ಹರಡಿತು. ಇಬ್ಬರು ಅಧ್ಯಾಪಕರು ತಮ್ಮ ತಮ್ಮ ಕೋರ್ಸಿನೊಳಗೆ ಸಾಮಾನ್ಯವಾಗಿ ಐದರಿಂದ ಎಂಟು ವಾರದ ಜಂಟಿ ಘಟಕ ಕೂರಿಸುತ್ತಾರೆ: ಮೊದಲು ಪರಿಚಯ, ಆಮೇಲೆ ಒಂದೇ ವಿಷಯದ ಎರಡು ದೇಶದ ಹೋಲಿಕೆ, ಕೊನೆಗೆ ಮಿಶ್ರ ಗುಂಪುಗಳ ಪ್ರಾಜೆಕ್ಟ್. ಶುಲ್ಕ, ಕ್ರೆಡಿಟ್, ಅಂಕ ಎಲ್ಲ ಅವರವರ ಸಂಸ್ಥೆಯಲ್ಲೇ. ಹಣ ಕೈ ಬದಲಾಯಿಸುವುದಿಲ್ಲವಾದ್ದರಿಂದ ಪ್ರಕಟಣೆಗಳಲ್ಲಿ ಇದರ ಸುದ್ದಿ ಕಡಿಮೆ.

ಕೆಡುವುದು ಸಣ್ಣ ಸಂಗತಿಗಳಲ್ಲಿ. ಚಳಿಗಾಲದಲ್ಲಿ ನ್ಯೂಯಾರ್ಕಿನ ಬೆಳಿಗ್ಗೆ 8 ನಮ್ಮ ಸಂಜೆ 6.30. ಮಾರ್ಚ್ ಎರಡನೇ ಭಾನುವಾರ ಅಲ್ಲಿ ಗಡಿಯಾರ ಮುಂದೆ ಹೋದರೆ ಅದೇ ಕ್ಲಾಸು ನಮಗೆ 5.30ಕ್ಕೆ. ಯುರೋಪ್ ಬದಲಾಗುವುದು ಆ ತಿಂಗಳ ಕೊನೆಯ ಭಾನುವಾರ. ಮೂರು ಕಡೆಯವರಿದ್ದರೆ ನಡುವಿನ ವಾರಗಳು ಗೊಂದಲವೇ. ಹಾಗಾಗಿ ನೇರ ಭೇಟಿ ಎರಡೋ ಮೂರೋ ಇಟ್ಟು, ಉಳಿದದ್ದನ್ನು ಅವರವರ ಸಮಯಕ್ಕೆ ಬಿಡಬೇಕು. ನಮ್ಮ ಕಡೆ 60 ಮಂದಿ, ಅತ್ತ 20 ಮಂದಿ ಇದ್ದರೆ ಪ್ರತಿ ಗುಂಪಿಗೂ ಅತ್ತಲಿನ ಒಬ್ಬರಾದರೂ ಇರುವಂತೆ ಮೊದಲೇ ಹಂಚಬೇಕು. ಕ್ರೆಡಿಟ್ ಅಂಕಿಯನ್ನು ಹಾಗೇ ನಕಲು ಮಾಡುವುದಂತೂ ಶುದ್ಧ ತಪ್ಪು: ಯುರೋಪಿನಲ್ಲಿ ಪೂರ್ಣ ವರ್ಷಕ್ಕೆ 60, ನಮ್ಮ ಹೊಸ ರಾಷ್ಟ್ರೀಯ ಕ್ರೆಡಿಟ್ ಚೌಕಟ್ಟಿನಲ್ಲಿ 40. ಅಲ್ಲಿನ 3 ಇಲ್ಲಿಗೆ ಸುಮಾರು 2.

ದೂರಶಿಕ್ಷಣ, ಆನ್‌ಲೈನ್ ಎರಡನ್ನೂ ಒಂದೇ ಎಂದು ಬರೆಯುವವರಿಗೂ ಒಂದು ಮಾತು. ಯುಜಿಸಿಯ 2020ರ ನಿಯಮಗಳಲ್ಲಿ ಅವು ಬೇರೆ ಬೇರೆ. ರಾಜ್ಯ ವಿಶ್ವವಿದ್ಯಾಲಯದ ದೂರಶಿಕ್ಷಣಕ್ಕೆ ಭೌಗೋಳಿಕ ಗಡಿಯಿದೆ, ಆನ್‌ಲೈನ್ ಪದವಿಗೆ ಇಲ್ಲ. ಇನ್ನು 2023ರ ನಿಯಮದಡಿ ಭಾರತದಲ್ಲಿ ಕ್ಯಾಂಪಸ್ ತೆರೆಯುವ ವಿದೇಶಿ ವಿಶ್ವವಿದ್ಯಾಲಯ ಇಲ್ಲಿ ಆನ್‌ಲೈನ್ ಪದವಿ ನಡೆಸುವಂತಿಲ್ಲ. ಆನ್‌ಲೈನ್ ಉಪನ್ಯಾಸಗಳು ಕೋರ್ಸಿನ ಶೇ. 10 ಮೀರುವಂತಿಲ್ಲ. ‘ವಿದೇಶಿ’, ‘ಆನ್‌ಲೈನ್’, ‘ಇಲ್ಲಿನ ಕ್ಯಾಂಪಸ್’ ಮೂರನ್ನೂ ಒಂದೇ ಜಾಹೀರಾತಿನಲ್ಲಿ ಕಂಡರೆ, ಶುಲ್ಕ ಕಟ್ಟುವ ಮೊದಲು ಅನುಮತಿ ಪತ್ರ ಯಾವ ನಿಯಮದಡಿ ಸಿಕ್ಕಿದೆ ಎಂದು ಕೇಳಿ.