ಜ್ವರ ಇಳಿದ ಮೇಲೂ ಉಸಿರನ್ನು ಎಣಿಸಿ

ಮಳೆಗಾಲದಲ್ಲಿ ನಮ್ಮ ತುರ್ತು ಚಿಕಿತ್ಸಾ ವಿಭಾಗಕ್ಕೆ ಬರುವ ರೋಗಿಗಳ ಮನೆಯವರಿಂದ ಮತ್ತೆ ಮತ್ತೆ ಕೇಳುವ ಮಾತೊಂದಿದೆ: "ನಿನ್ನೆ ರಾತ್ರಿ ಜ್ವರ ಬಿಟ್ಟಿತ್ತು ಡಾಕ್ಟ್ರೇ, ಮೈಯೆಲ್ಲ ತಣ್ಣಗಾಗಿತ್ತು, ಚೆನ್ನಾಗಿ ನಿದ್ದೆ ಮಾಡಿದರು." ತಣ್ಣಗಾದ ಆ ಕೈಕಾಲುಗಳು ರಕ್ತಸಂಚಾರ ಕುಸಿಯುತ್ತಿರುವುದರ ಸೂಚನೆಯಾಗಿದ್ದವು, ನಿದ್ದೆಯೆಂದುಕೊಂಡದ್ದು ಮಂಪರಾಗಿತ್ತು ಎಂದು ತಿಳಿಸುವುದು ಇಂದಿಗೂ ನನಗೆ ಕಷ್ಟ.

ನಮ್ಮ ಜನ ನಂಜೇರುವುದು ಎನ್ನುವ ಸೆಪ್ಸಿಸ್‌ನಲ್ಲಿ ರೋಗಾಣುವಿಗಿಂತ ಹೆಚ್ಚಾಗಿ, ಅದರ ವಿರುದ್ಧ ಹತೋಟಿ ತಪ್ಪಿ ಕೆರಳಿದ ದೇಹದ ಪ್ರತಿಕ್ರಿಯೆಯೇ ಮೂತ್ರಪಿಂಡ, ಶ್ವಾಸಕೋಶ, ಮಿದುಳುಗಳನ್ನು ಕೆಡಿಸುತ್ತದೆ. ಮೂತ್ರದ ಸೋಂಕು, ನ್ಯುಮೋನಿಯಾ, ಸಕ್ಕರೆ ಕಾಯಿಲೆಯವರ ಕಾಲಿನ ಹುಣ್ಣು, ಬಾಣಂತಿಯ ಸೋಂಕು, ಯಾವುದರಿಂದಲೂ ಇದು ಆರಂಭವಾಗಬಹುದು. 2017ರಲ್ಲಿ ಜಗತ್ತಿನಾದ್ಯಂತ ಸುಮಾರು 1.1 ಕೋಟಿ ಜನ ಇದರಿಂದ ಸತ್ತರೆಂಬ ಅಂದಾಜಿದೆ.

ಥರ್ಮಾಮೀಟರಿಗಿಂತ ಉಸಿರನ್ನು ನಾನು ಹೆಚ್ಚು ನಂಬುತ್ತೇನೆ. ರೋಗಿಯ ಪಕ್ಕದಲ್ಲಿ ಕುಳಿತು, ಎದೆ ಏರಿಳಿಯುವುದನ್ನು ಪೂರ್ತಿ ಒಂದು ನಿಮಿಷ ಎಣಿಸಿದಾಗ ವಯಸ್ಕರಲ್ಲಿ 22 ಅಥವಾ ಅದಕ್ಕಿಂತ ಹೆಚ್ಚಿದ್ದರೆ, ಮಾತು ತೊದಲುತ್ತಿದ್ದರೆ, ಅರ್ಧ ದಿನವಾದರೂ ಮೂತ್ರವಾಗದಿದ್ದರೆ ಬೆಳಗಾಗಲಿ ಎಂದು ಕಾಯಬಾರದು. ವೃದ್ಧರಲ್ಲಿ ಜ್ವರವೇ ಬಾರದಿರಬಹುದು. ನವಜಾತ ಶಿಶು ಹಾಲು ಕುಡಿಯುವುದನ್ನು ಬಿಟ್ಟು ತಣ್ಣಗಾಗಬಹುದು.

ಸೆಪ್ಸಿಸ್‌ನಿಂದ ರಕ್ತದೊತ್ತಡ ಕುಸಿದಿದ್ದರೆ ಗುರುತಿಸಿದ ಒಂದು ಗಂಟೆಯೊಳಗೆ ಆ್ಯಂಟಿಬಯೋಟಿಕ್ ರಕ್ತನಾಳಕ್ಕೆ ಸೇರಬೇಕು. ಮೊದಲ ಮೂರು ಗಂಟೆಗಳಲ್ಲಿ ದೇಹತೂಕದ ಪ್ರತಿ ಕಿಲೋಗೆ ಸುಮಾರು 30 ಮಿಲಿಲೀಟರ್ ಡ್ರಿಪ್ ಕೊಡುವುದು ವಾಡಿಕೆಯಾದರೂ ಹೃದಯ, ಮೂತ್ರಪಿಂಡ ದುರ್ಬಲವಿರುವವರಲ್ಲಿ ಎಚ್ಚರ ಬೇಕು. ರೋಗಾಣುವನ್ನು ಬೆಳೆಸಿ ಗುರುತಿಸುವ ಕಲ್ಚರ್ ಪರೀಕ್ಷೆಗೆ ರಕ್ತವನ್ನು ಔಷಧಿಗೆ ಮೊದಲೇ ತೆಗೆಯುವುದು ಸರಿ, ಆದರೆ ಅದರ ವರದಿಗಾಗಿ ಔಷಧಿಯನ್ನು ತಡೆಹಿಡಿಯುವುದು ಸರಿಯಲ್ಲ. ಔಷಧಿಯ ಆಯ್ಕೆಯೂ ಅಷ್ಟೇ ಮುಖ್ಯ: ಸಣ್ಣ ನುಸಿಯ ಮರಿ ಕಚ್ಚಿ ಬರುವ, ನಮ್ಮಲ್ಲೂ ಕಂಡುಬರುವ ಸ್ಕ್ರಬ್ ಟೈಫಸ್ ಜ್ವರಕ್ಕೆ ಸೆಫ್ಟ್ರಯಾಕ್ಸೋನ್ ಎಂಬ ಆ್ಯಂಟಿಬಯೋಟಿಕ್ ಸಾಲದು, ಡಾಕ್ಸಿಸೈಕ್ಲಿನ್ ಬೇಕು. ಕಂಕುಳು, ತೊಡೆಸಂದಿಗಳಲ್ಲಿ ಬೀಡಿ ತಾಗಿ ಸುಟ್ಟಂತಿರುವ ಕಪ್ಪು ಕಲೆ ಇದ್ದರೆ ಅದು ಈ ಜ್ವರದ ಗುರುತು; ಬಟ್ಟೆ ಸರಿಸಿ ನೋಡದವರಿಗೆ ಅದು ಕಾಣುವುದಿಲ್ಲ.

ತಾಲ್ಲೂಕು ಆಸ್ಪತ್ರೆಗಳ ವೈದ್ಯಮಿತ್ರರಲ್ಲಿ ನನ್ನ ಕಳಕಳಿಯ ವಿನಂತಿ: ದೊಡ್ಡಾಸ್ಪತ್ರೆಗೆ ಕಳಿಸುವುದೇ ಆದರೂ ಮೊದಲ ಡೋಸನ್ನು ಆಂಬುಲೆನ್ಸ್ ಹತ್ತಿಸುವ ಮುನ್ನವೇ ಕೊಟ್ಟು, ಕೊಟ್ಟ ಹೊತ್ತನ್ನು ಚೀಟಿಯಲ್ಲಿ ಬರೆಯಿರಿ.