ಆನೆ ಗಡಿ ದಾಟುತ್ತದೆ, ಮಾಹಿತಿ ದಾಟುವುದಿಲ್ಲ: ದೇಶ-ದೇಶಗಳ ವನ್ಯಜೀವಿ ಒಪ್ಪಂದಗಳ ಹಿನ್ನೆಲೆ

ಬೇಲೂರು ಮಖನಾ ಹೆಸರು ಕೇಳದವರು ಹಾಸನ ಜಿಲ್ಲೆಯಲ್ಲಿ ಕಡಿಮೆ. ದಂತವಿಲ್ಲದ ಈ ಗಂಡಾನೆಯನ್ನು 2023ರಲ್ಲಿ ಬೇಲೂರು ಭಾಗದಲ್ಲಿ ಹಿಡಿದು, ಕೊರಳಿಗೆ ರೇಡಿಯೋ ಕಾಲರ್ ಕಟ್ಟಿ, ಬಂಡೀಪುರದ ಮೂಲೆಹೊಳೆ ವಲಯದಲ್ಲಿ ಬಿಟ್ಟರು. ಮೂಲೆಹೊಳೆ ಆಚೆ ಕೇರಳ. ಆನೆ ದಾಟಿತು. 2024ರ ಫೆಬ್ರುವರಿ 10ರಂದು ವಯನಾಡಿನ ಮಾನಂದವಾಡಿ ಬಳಿ ಮನೆಯೊಂದರ ಅಂಗಳಕ್ಕೆ ನುಗ್ಗಿ ಒಬ್ಬರನ್ನು ಕೊಂದಿತು. ಅದಕ್ಕೆ ಎಂಟು ದಿನ ಮೊದಲು, ಹಾಸನ ಜಿಲ್ಲೆಯಲ್ಲೇ ಹಿಡಿದು ಬಿಟ್ಟಿದ್ದ ಇನ್ನೊಂದು ಸಲಗ ಮಾನಂದವಾಡಿ ಪೇಟೆಗೇ ಬಂದಿತ್ತು. ಅರಿವಳಿಕೆ ಕೊಟ್ಟು ಹಿಡಿದು ಬಂಡೀಪುರಕ್ಕೆ ತಂದರೂ ಅದು ಬದುಕಲಿಲ್ಲ.

ಕಾಲರಿನ ಮಾಹಿತಿ ಸಕಾಲಕ್ಕೆ ಸಿಗಲಿಲ್ಲ ಎಂದು ಕೇರಳ ದೂರಿತು. ಕೊಟ್ಟಿದ್ದೇವೆ ಎಂದು ಕರ್ನಾಟಕ ಹೇಳಿತು. ಇಂಥ ಕಾಲರ್ ಎರಡು ಬಗೆಯಲ್ಲಿ ಮಾತಾಡುತ್ತದೆ. ಜಿಪಿಎಸ್ ಲೆಕ್ಕ ಉಪಗ್ರಹದ ಮೂಲಕ ಸರ್ವರಿಗೆ ಹೋಗುತ್ತದೆ, ಅದೂ ಬ್ಯಾಟರಿ ಉಳಿಸಲು ಗಂಟೆಗಳ ಅಂತರದಲ್ಲಿ. ಲಾಗಿನ್ ಇದ್ದವರಿಗಷ್ಟೇ ಅದು ಕಾಣುವುದು. ಇನ್ನೊಂದು ವಿಎಚ್‌ಎಫ್, ಅಂದರೆ ಕಾಲರ್ ನೇರವಾಗಿ ಹೊರಡಿಸುವ ರೇಡಿಯೋ ಸದ್ದು. ಇದಕ್ಕೆ ತರಂಗಾಂತರ ಗೊತ್ತಿರಬೇಕು, ರಿಸೀವರ್ ಮತ್ತು ಆಂಟೆನಾ ಕೈಯಲ್ಲಿರಬೇಕು, ಆನೆ ಕೆಲವೇ ಕಿಲೋಮೀಟರ್ ಒಳಗಿರಬೇಕು. ನಡುವೆ ಗುಡ್ಡ ಬಂದರೆ ಸದ್ದು ಸತ್ತಂತೆ. ಹಾಗಾಗಿ ಬರೀ ತರಂಗಾಂತರ ಕೊಟ್ಟರೆ ಗಡಿಯಾಚೆಯ ಗಾರ್ಡಿಗೆ ಆನೆ ಊರ ಹತ್ತಿರ ಬಂದ ಮೇಲೆ ಗೊತ್ತಾಗುತ್ತದೆ, ಹೊರಟಾಗ ಅಲ್ಲ. ತಿಂಗಳೊಪ್ಪತ್ತಿನಲ್ಲಿ, ಮಾರ್ಚ್ 10ರಂದು, ಎರಡೂ ರಾಜ್ಯಗಳ ಅರಣ್ಯ ಸಚಿವರು ಬಂಡೀಪುರದಲ್ಲಿ ಕೂತು ಸಹಕಾರದ ಒಪ್ಪಂದಕ್ಕೆ ಸಹಿ ಹಾಕಿದರು.

ಒಂದೇ ದೇಶದ ಎರಡು ರಾಜ್ಯಗಳ ಪಾಡು ಇದು. ಪಾಸ್‌ಪೋರ್ಟು, ಸೈನ್ಯ, ಬೇರೆ ಬೇರೆ ಕಾನೂನು ಇರುವ ದೇಶಗಳು ಇದನ್ನು ಹೇಗೆ ನಿಭಾಯಿಸಿವೆ?

ಗಡಿಗೆ ಅಂಟಿದ ಎರಡು ಕಾಡುಗಳನ್ನು ಜೋಡಿಸುವ ಯೋಚನೆ ಹಳೆಯದು. ಅಮೆರಿಕ ಮತ್ತು ಕೆನಡಾ 1932ರಲ್ಲೇ ಗ್ಲೇಸಿಯರ್ ಮತ್ತು ವಾಟರ್ಟನ್ ಉದ್ಯಾನಗಳನ್ನು ಸೇರಿಸಿ ಶಾಂತಿ ಉದ್ಯಾನ ಎಂದು ಕರೆದವು. ಅದರಲ್ಲಿ ಸ್ನೇಹದ ಸಂಕೇತವೇ ಹೆಚ್ಚು. ದಿನದಿನದ ಆಡಳಿತಕ್ಕೆ ಪಾಠ ಸಿಗುವುದು ಆಫ್ರಿಕಾದಲ್ಲಿ.

ದಕ್ಷಿಣ ಆಫ್ರಿಕಾ ಮತ್ತು ಬೋಟ್ಸ್ವಾನಾ ನಡುವಿನ ಕಗಲಗಾಡಿ ಉದ್ಯಾನ ಸುಮಾರು 38,000 ಚದರ ಕಿಲೋಮೀಟರ್ ಮರಳುನಾಡು. ಅದರ ಮುಕ್ಕಾಲು ಪಾಲು ಬೋಟ್ಸ್ವಾನಾದ್ದು. ಗಡಿ ಎಂದರೆ ನೊಸೊಬ್ ಎಂಬ ಒಣ ಹೊಳೆ, ಅದರುದ್ದಕ್ಕೂ ಬೇಲಿ ಇಲ್ಲ. 1948ರಿಂದಲೇ ಎರಡೂ ಕಡೆಯವರ ನಡುವೆ ಬಾಯಿಮಾತಿನ ಒಪ್ಪಂದವಿತ್ತು. 1992ರಲ್ಲಿ ಜಂಟಿ ಸಮಿತಿ ಆಯಿತು. ಸಹಿ ಬಿದ್ದದ್ದು 1999ರಲ್ಲಿ, ಉದ್ಘಾಟನೆ 2000ದ ಮೇ ತಿಂಗಳಲ್ಲಿ. ಅಂದರೆ ಐವತ್ತು ವರ್ಷ ಕೆಲಸ ನಡೆದ ಮೇಲೆ ಕಾಗದ ಬಂತು. ನಮ್ಮಲ್ಲಿ ಕ್ರಮ ಸಾಮಾನ್ಯವಾಗಿ ಉಲ್ಟಾ.

ಪ್ರವಾಸಿಗರ ನಿಯಮವೂ ಅಲ್ಲಿ ಸರಳ. ಬಂದ ಗೇಟಿನಿಂದಲೇ ವಾಪಸಾಗುವವರು ಉದ್ಯಾನದ ಒಳಗೆ ಎರಡೂ ದೇಶಗಳಲ್ಲಿ ಪಾಸ್‌ಪೋರ್ಟ್ ಮುದ್ರೆ ಇಲ್ಲದೆ ಓಡಾಡಬಹುದು. ಒಂದು ದೇಶದಿಂದ ಹೊಕ್ಕು ಇನ್ನೊಂದರಿಂದ ಹೊರಬೀಳುವವರು ಗಡಿ ದಾಖಲೆ ಮುಗಿಸಿ, ಒಳಗೆ ಕನಿಷ್ಠ ಎರಡು ರಾತ್ರಿ ತಂಗಬೇಕು. ಇಲ್ಲದಿದ್ದರೆ ಉದ್ಯಾನ ಹೆದ್ದಾರಿಯ ಒಳದಾರಿ ಆಗಿಬಿಡುತ್ತದೆ. ಪ್ರವೇಶ ಶುಲ್ಕವನ್ನು ಎರಡೂ ದೇಶ ಸಮನಾಗಿ ಹಂಚಿಕೊಳ್ಳುತ್ತವೆ. ಯಾರ ಕಡೆ ಸಿಂಹ ಹೆಚ್ಚು ಎಂಬ ತಕರಾರಿಗೆ ಜಾಗವೇ ಇಲ್ಲ.

2002ರ ಡಿಸೆಂಬರಿನಲ್ಲಿ ದಕ್ಷಿಣ ಆಫ್ರಿಕಾ, ಮೊಜಾಂಬಿಕ್, ಜಿಂಬಾಬ್ವೆ ಸಹಿ ಹಾಕಿದ ಗ್ರೇಟ್ ಲಿಂಪೊಪೊ ಉದ್ಯಾನದ್ದು ಬೇರೆ ಕಥೆ. ಇಲ್ಲಿ ನಕ್ಷೆ ಮೊದಲು ಬಂತು. ದಕ್ಷಿಣ ಆಫ್ರಿಕಾದ ಕ್ರೂಗರ್ ಉದ್ಯಾನದ ಕಡೆಯ ಬೇಲಿಯನ್ನು ಅಲ್ಲಲ್ಲಿ ತೆಗೆದರು, ಆನೆಗಳನ್ನು ಲಾರಿಯಲ್ಲಿ ಮೊಜಾಂಬಿಕ್‌ಗೆ ಸಾಗಿಸಿದರು. ಆದರೆ ಆ ಕಡೆಯ ಉದ್ಯಾನದೊಳಗೆ ಸಾವಿರಾರು ಜನರಿದ್ದರು. ಅವರ ಸ್ಥಳಾಂತರ ವರ್ಷಗಟ್ಟಲೆ ಎಳೆಯಿತು. ಖಡ್ಗಮೃಗದ ಬೇಟೆಗಾರರಿಗೆ ಗಡಿ ದಾಟಿ ತಪ್ಪಿಸಿಕೊಳ್ಳುವುದು ಸುಲಭವಾಗಿತ್ತು, ಬೆನ್ನಟ್ಟಿದ ಗಾರ್ಡಿಗೆ ಮಾತ್ರ ಗೆರೆ ಅಡ್ಡ. ಭದ್ರಾ ಅಭಯಾರಣ್ಯದ ಊರುಗಳ ಸ್ಥಳಾಂತರ ಕಂಡ ಚಿಕ್ಕಮಗಳೂರಿನವರಿಗೆ, ಜಮೀನು ಮತ್ತು ನೀರು ಮೊದಲು ಗಟ್ಟಿಯಾಗದಿದ್ದರೆ ಏನಾಗುತ್ತದೆ ಎಂದು ಬಿಡಿಸಿ ಹೇಳಬೇಕಿಲ್ಲ.

ಎಲ್ಲಕ್ಕಿಂತ ದೊಡ್ಡದು ಕಾಜಾ, ಅಂದರೆ ಕವಾಂಗೊ-ಜಾಂಬೆಜಿ ಸಂರಕ್ಷಣಾ ಪ್ರದೇಶ. ಅಂಗೋಲಾ, ಬೋಟ್ಸ್ವಾನಾ, ನಮೀಬಿಯಾ, ಜಾಂಬಿಯಾ, ಜಿಂಬಾಬ್ವೆ 2011ರಲ್ಲಿ ಒಪ್ಪಿಕೊಂಡ ಸುಮಾರು 5,20,000 ಚದರ ಕಿಲೋಮೀಟರಿನ ಪ್ರದೇಶ, ಕರ್ನಾಟಕದ ಎರಡೂವರೆ ಪಟ್ಟಿಗೂ ಹೆಚ್ಚು. 2014ರಲ್ಲಿ ಜಾಂಬಿಯಾ ಮತ್ತು ಜಿಂಬಾಬ್ವೆಗೆ 50 ಡಾಲರಿನ ಒಂದೇ ವೀಸಾ ಬಂತು. 30 ದಿನದ ಅವಧಿ, ವಿಕ್ಟೋರಿಯಾ ಜಲಪಾತವನ್ನು ಎರಡೂ ದಡದಿಂದ ನೋಡಬಹುದು. ಹೀಗೆ ಪ್ರವಾಸಿಗೆ ಗಡಿ ಸಡಿಲವಾಯಿತು, ಆನೆಗೆ ಅಷ್ಟಾಗಿ ಇಲ್ಲ. ಕಾಡೆಮ್ಮೆಗಳಿಂದ ದನಗಳಿಗೆ ಕಾಲುಬಾಯಿ ಜ್ವರ ತಗುಲಿದರೆ ಯುರೋಪಿಗೆ ಹೋಗುವ ಮಾಂಸದ ರಫ್ತು ನಿಲ್ಲುತ್ತದೆ. ಅದಕ್ಕೆಂದೇ ಹಾಕಿದ ಪಶುವೈದ್ಯ ಬೇಲಿಗಳು ವಲಸೆಯ ದಾರಿಯಲ್ಲೇ ನಿಂತಿವೆ. ಅರಣ್ಯ ಇಲಾಖೆಗಳು ಒಪ್ಪಿದರೂ ಪಶುಸಂಗೋಪನೆಯವರು ಒಪ್ಪಬೇಕಲ್ಲ.

ಅಲ್ಲಿ ಚೆನ್ನಾಗಿ ಆದ ಕೆಲಸ ಎಣಿಕೆ. ಬೇರೆ ಬೇರೆ ವರ್ಷ ಎಣಿಸಿದರೆ ಗಡಿ ದಾಟಿದ ಹಿಂಡು ಎರಡು ಸಲ ಲೆಕ್ಕಕ್ಕೆ ಸಿಗುತ್ತದೆ, ಇಲ್ಲವೇ ಒಂದು ಸಲವೂ ಸಿಗುವುದಿಲ್ಲ. 2022ರಲ್ಲಿ ಐದೂ ದೇಶ ಒಂದೇ ಬೇಸಿಗೆಯಲ್ಲಿ, ಒಂದೇ ಕ್ರಮದಲ್ಲಿ ಸಣ್ಣ ವಿಮಾನಗಳಿಂದ ಎಣಿಸಿದಾಗ ಸುಮಾರು 2,27,900 ಆನೆಗಳ ಅಂದಾಜು ಸಿಕ್ಕಿತು. ಅರ್ಧಕ್ಕಿಂತ ಹೆಚ್ಚು ಬೋಟ್ಸ್ವಾನಾದಲ್ಲಿ.

ಭಾರತದ ಗಡಿಗಳಲ್ಲೂ ಕೆಲಸ ನಡೆದಿದೆ. ಭೂತಾನದ ಜೊತೆ ಅಸ್ಸಾಮಿನ ಮಾನಸ್ ಕಾಡಿನಲ್ಲಿ, ನೇಪಾಳದ ಜೊತೆ ಹಿಮಾಲಯದ ತಪ್ಪಲಿನ ತರಾಯಿಯಲ್ಲಿ, ಬಾಂಗ್ಲಾದೇಶದ ಜೊತೆ 2011ರಿಂದ ಸುಂದರಬನದಲ್ಲಿ. 2020ರ ಡಿಸೆಂಬರಿನಲ್ಲಿ ಬಾಂಗ್ಲಾದೇಶದೊಂದಿಗೆ ಗಡಿ ದಾಟುವ ಆನೆಗಳ ಬಗ್ಗೆಯೇ ಪ್ರತ್ಯೇಕ ಒಪ್ಪಂದ ಆಯಿತು.

ನಮ್ಮ ರಾಜ್ಯಗಳೂ ಎಣಿಕೆಯ ಮಟ್ಟಕ್ಕೆ ಬಂದಿವೆ. 2024ರ ಮೇ 23ರಿಂದ 25ರವರೆಗೆ ಕರ್ನಾಟಕ, ಕೇರಳ, ತಮಿಳುನಾಡು, ಆಂಧ್ರ ಒಟ್ಟಿಗೇ ಆನೆ ಎಣಿಸಿದವು: ಮೊದಲ ದಿನ ಬ್ಲಾಕ್‌ಗಳಲ್ಲಿ ನೇರವಾಗಿ, ಎರಡನೇ ದಿನ ಲದ್ದಿಯ ಲೆಕ್ಕದಿಂದ, ಮೂರನೇ ದಿನ ನೀರಿನ ಹೊಂಡಗಳ ಬಳಿ ಕಾದು. ಎಣಿಸಲು ಯಾರೂ ಏನನ್ನೂ ಬಿಟ್ಟುಕೊಡಬೇಕಿಲ್ಲ, ಅದಕ್ಕೇ ಅದು ಬೇಗ ಆಗುತ್ತದೆ. ಕಾಲರಿನ ಲಾಗಿನ್ ಹಂಚುವುದು ಅದಕ್ಕಿಂತ ಕಷ್ಟ. ದುಡ್ಡು ಹಂಚುವುದು ಇನ್ನೂ ಕಷ್ಟ. ಆನೆ ತೋರಿಸಿ ಬರುವ ಸಫಾರಿ ಟಿಕೆಟ್ ಹಣ ಬಂಡೀಪುರ, ನಾಗರಹೊಳೆಯ ಗೇಟುಗಳಲ್ಲಿ ಬೀಳುತ್ತದೆ. ಸಕಲೇಶಪುರ, ಆಲೂರಿನ ಬೆಳೆಗಾರನಿಗೆ ಸಿಗುವುದು ತುಳಿದ ಭತ್ತದ ಗದ್ದೆ, ಮುರಿದ ಕಾಫಿ ಗಿಡ ಮತ್ತು ಪರಿಹಾರದ ಅರ್ಜಿ. ಕಗಲಗಾಡಿಯ ಹಾಗೆ ಗೇಟಿನ ಹಣಕ್ಕೆ ಪಾಲು ಬರೆದ ಒಪ್ಪಂದ ಇಲ್ಲಿ ಜಿಲ್ಲೆ-ಜಿಲ್ಲೆಗಳ ನಡುವೆಯೂ ಬೇಕಾಗಿದೆ.