ಎಷ್ಟು ಮರಿ ಬಿಡಬೇಕು? ಬಲೆಯ ಕಣ್ಣನ್ನು ಕೇಳಿ

ಉಪ್ಪುಂದದ ಹೊಳೆಯಲ್ಲಿ ಬಲೆಯ ಪಂಜರ ಕಟ್ಟಿ ಮೀನು ಸಾಕುವುದು ಉಡುಪಿ ಕಡೆಯವರಿಗೆ ಹೊಸದೇನಲ್ಲ. ಅಲ್ಲಿ ಭರತ-ಇಳಿತ ದಿನಕ್ಕೆರಡು ಸಲ ಪಂಜರದ ನೀರನ್ನು ಪುಕ್ಕಟೆಯಾಗಿ ಬದಲಿಸಿ ಕೊಡುತ್ತದೆ. ಘಟ್ಟದ ಮೇಲಿನ ಸಿಹಿನೀರಿನ ಜಲಾಶಯಕ್ಕೆ ಆ ಭಾಗ್ಯ ಇಲ್ಲ. ಆದರೂ ಅಲ್ಲಿ ತಿಲಾಪಿಯ ಸಾಕಲು ಹೊರಟವರಿಗೆ ಒಂದೇ ಯೋಚನೆ: ಮರಿ ಜಾಸ್ತಿ ಬಿಟ್ಟರೆ ಮೀನೂ ಜಾಸ್ತಿ. ಈ ನಂಬಿಕೆಯೇ ಎಷ್ಟೋ ಪಂಜರಗಳನ್ನು ಮುಳುಗಿಸುತ್ತದೆ.

ಪಂಜರದಲ್ಲಿ ಮೊದಲು ಸಾಲದೆ ಹೋಗುವುದು ಜಾಗ ಅಲ್ಲ, ಆಮ್ಲಜನಕ. ಒಂದು ಘನ ಮೀಟರ್ ನೀರಿಗೆ ಹತ್ತು ಗ್ರಾಂ ತೂಕದ 40 ಮರಿ ಬಿಟ್ಟಿರಿ ಅಂತಿಟ್ಟುಕೊಳ್ಳಿ. ಒಟ್ಟು ತೂಕ 400 ಗ್ರಾಂ, ನೋಡಿದರೆ ಪಂಜರ ಖಾಲಿ ಖಾಲಿ. ಅವೇ ತಲಾ ಅರ್ಧ ಕಿಲೋ ಆದಾಗ 20 ಕಿಲೋ. ಬೆಚ್ಚಗಿನ ನೀರಿನಲ್ಲಿ ಲೀಟರಿಗೆ ಸುಮಾರು 7 ಮಿಲಿಗ್ರಾಂ ಆಮ್ಲಜನಕ ಇರುತ್ತದೆ. ಅದು 4ಕ್ಕಿಂತ ಕೆಳಗಿಳಿಯಬಾರದು ಅಂದರೆ ಮೀನಿಗೆ ಸಿಗುವುದು ಆ ಘನ ಮೀಟರಿನಲ್ಲಿ ಬರೀ 3 ಗ್ರಾಂ. ಕಿಲೋ ಮೀನಿಗೆ ಗಂಟೆಗೆ 200 ಮಿಲಿಗ್ರಾಂ ಬೇಕು ಅಂತ ಲೆಕ್ಕ ಹಿಡಿದರೂ 45 ನಿಮಿಷಕ್ಕೆ ಎಲ್ಲ ಖರ್ಚು! ಮುಂದೆ ಬದುಕಬೇಕಾದರೆ ಬಲೆಯ ಕಣ್ಣಿನಿಂದ ಹೊಸ ನೀರು ಒಳಗೆ ಬರಲೇಬೇಕು. ಕಿವಿರಿನಿಂದ ಹೊರಬಿದ್ದ ಅಮೋನಿಯಾ ಹೊರಗೆ ಹೋಗುವುದೂ ಅದೇ ದಾರಿಯಲ್ಲಿ.

ನನಗೆ ತುಂಬಾ ಇಷ್ಟವಾದ ಸಂಗತಿ ಇಲ್ಲಿದೆ. ಒಂದು ಮೀಟರ್ ಉದ್ದ, ಅಗಲ, ಆಳದ ಪುಟ್ಟ ಪಂಜರಕ್ಕೆ ನಾಲ್ಕು ಬದಿಯ ಬಲೆ 4 ಚದರ ಮೀಟರ್. ಅಂದರೆ ಒಂದು ಘನ ಮೀಟರ್ ನೀರಿಗೆ 4. ಆರು ಮೀಟರ್ ಉದ್ದ, ನಾಲ್ಕು ಮೀಟರ್ ಅಗಲ, ನಾಲ್ಕು ಮೀಟರ್ ಆಳದ ಪಂಜರದಲ್ಲಿ 96 ಘನ ಮೀಟರ್ ನೀರಿಗೆ ಬಲೆ 80 ಚದರ ಮೀಟರ್ ಮಾತ್ರ. ಘನ ಮೀಟರಿಗೆ ಒಂದೂ ಸಿಗಲಿಲ್ಲ! ತುಂಬಿದ ಉಡುಪಿ-ಮಂಗಳೂರು ಬಸ್ಸಿನಲ್ಲಿ ನಡುವೆ ನಿಂತವರಿಗೆ ಕಿಟಕಿಯ ಗಾಳಿ ಸಿಗದ ಹಾಗೆ, ದೊಡ್ಡ ಪಂಜರದ ನಡುಭಾಗಕ್ಕೆ ಬರುವುದು ಬೇರೆ ಮೀನು ಉಸಿರಾಡಿ ಬಿಟ್ಟ ನೀರು. ಹಾಗಾಗಿ ಘನ ಮೀಟರಿನ ಲೆಕ್ಕದಲ್ಲಿ ಸಣ್ಣ ಪಂಜರವೇ ಹೆಚ್ಚು ಮೀನು ತಾಳುತ್ತದೆ. ಕಾಂಬೋಡಿಯಾದ ಬೆಸ್ತರು 19ನೇ ಶತಮಾನದಲ್ಲೇ ಬಿದಿರಿನ ಪಂಜರದಲ್ಲಿ ಮೀನು ತುಂಬಿ, ದೋಣಿಯ ಜೊತೆ ಪೇಟೆಗೆ ಎಳೆದೊಯ್ಯುತ್ತಿದ್ದರು. ದೋಣಿ ಸಾಗಿದಷ್ಟೂ ಹೊಸ ನೀರು ಸಿಗುತ್ತಿತ್ತು. ನಮ್ಮ ದೇಶದಲ್ಲಿ ಪಂಜರದ ಪ್ರಯೋಗ ಶುರುವಾದದ್ದು 1970ರ ದಶಕದಲ್ಲಿ.

ಇಕ್ಕಟ್ಟಾದರೆ ಮೀನು ತಕ್ಷಣ ಸಾಯುವುದಿಲ್ಲ. ಬೆಳವಣಿಗೆ ಕುಂಟುತ್ತದೆ, ತಿಂದದ್ದು ಮೈಗೆ ಹತ್ತುವುದಿಲ್ಲ, ಒಂದು ದಪ್ಪ ಇನ್ನೊಂದು ಸಣಕಲು ಆಗುತ್ತದೆ. ಹಾಗಂತ ತೀರಾ ಕಡಿಮೆ ಬಿಟ್ಟರೂ ಕಷ್ಟ. ಬಲಿಷ್ಠ ತಿಲಾಪಿಯ ಒಂದು ಮೂಲೆ ಹಿಡಿದು ಉಳಿದವನ್ನು ಅಟ್ಟಾಡಿಸುತ್ತದೆ. ಒತ್ತಾಗಿದ್ದರೆ ಈ ಯಜಮಾನಿಕೆ ನಡೆಯುವುದಿಲ್ಲ. ಇನ್ನು ಪಂಗಾಸಿಯಸ್ ಅನ್ನುವ ಮೀಸೆಮೀನು ಮೇಲೆ ಬಂದು ಗಾಳಿಯನ್ನೇ ನುಂಗಬಲ್ಲದು. ಅದಕ್ಕೇ ಅದು ಜಾಸ್ತಿ ಇಕ್ಕಟ್ಟು ತಡೆದುಕೊಳ್ಳುತ್ತದೆ.

ಬೆಳಗಾಗುವಾಗ ಮೀನು ಸತ್ತು ತೇಲಿದರೆ ದೃಷ್ಟಿ ತಾಗಿತು, ಯಾರೋ ವಿಷ ಹಾಕಿದರು ಅನ್ನುವ ಮಾತು ಬೇಗ ಹುಟ್ಟುತ್ತದೆ. ನೆರೆಮನೆಯವರ ಜೊತೆ ಜಗಳಕ್ಕೂ ಅದೇ ಕಾರಣವಾಗುತ್ತದೆ. ಸುಮ್ನೆ ದೂರುವ ಮೊದಲು ಬಲೆ ಎತ್ತಿ ನೋಡಿ. ಪಾಚಿ ಕಟ್ಟಿ ಕಣ್ಣು ಮುಚ್ಚಿದೆಯಾ? ರಾತ್ರಿಯಿಡೀ ನೀರಿನ ಪಾಚಿಯೂ ಆಮ್ಲಜನಕ ಬಳಸುವುದರಿಂದ ಬೆಳಗಿನ ಜಾವಕ್ಕೆ ಆಮ್ಲಜನಕ ತಳ ಕಾಣುತ್ತದೆ. ಆಗ ಮೀನುಗಳು ಮೇಲೆ ಬಂದು ಬಾಯಿ ತೆರೆದು ಮುಚ್ಚುತ್ತಿದ್ದರೆ ಹಸಿವು ಅಂದುಕೊಂಡು ತಿಂಡಿ ಹಾಕಬೇಡಿ. ಅರಗಿಸಲಿಕ್ಕೂ ಆಮ್ಲಜನಕ ಬೇಕು. ಆ ಹೊತ್ತಿನ ತಿಂಡಿ ನಿಲ್ಲಿಸಿ, ಬಲೆ ಉಜ್ಜಿ, ದೊಡ್ಡ ಮೀನುಗಳನ್ನು ಹಿಡಿದು ಮಾರಿ ಪಂಜರ ಹಗುರ ಮಾಡಿ.